ಛೀಯಮ್ಮನವರ ಮುಚ್ಚಿದ ಕಿಟಕಿ

ನಾನು ಈ ಮನೆಗೆ ಬಾಡಿಗೆಗೆ ಬಂದ ದಿನ, ನನ್ನ ಸಾಮಾನುಗಳಿಗಿಂತ ಮೊದಲು ಒಳಗೆ ಕಾಲಿಟ್ಟವರು ಎದುರು ಮನೆಯ ಹೆಂಗಸು. ಅವರು ತಮ್ಮ ಹೆಸರನ್ನು ಹೇಳಲಿಲ್ಲ, ನನ್ನದನ್ನು ಕೇಳಲೂ ಇಲ್ಲ. ಹೊಸ್ತಿಲಿನ ಮೇಲೆ ನಿಂತು, ಮೂಗನ್ನು ತುಸು ಮೇಲಕ್ಕೆತ್ತಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿಸಿ, "ಛೀ" ಎಂದರು.

"ಏನಾಯಿತಮ್ಮ?" ಎಂದು ಕೇಳಿದೆ.

"ನಿಮಗೆ ಬರ್ತಾ ಇಲ್ವಾ?"

"ಏನು ಬರಬೇಕಿತ್ತು?"

"ನಾತ! ಮೊದಲಿದ್ದವರು ಕೂದಲು ಉದುರೋ ಜನ. ಬಚ್ಚಲಲ್ಲಿ ಏನೋ ಕೊಳೀತಾ ಇದೆ. ದಾರಿ ಬಿಡಿ."

ನಾನು ದಾರಿ ಬಿಟ್ಟೆ. ಅವರು ನೆಟ್ಟಗೆ ಬಚ್ಚಲಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು, ನೀರು ಹೋಗುವ ಕಿಂಡಿಯ ಮುಚ್ಚಳವನ್ನು ಎತ್ತಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಒಳಗೆ ತೂರಿಸಿದರು. ಅಲ್ಲಿಂದ ಎಳೆದದ್ದು ಸೋಪಿನ ಜಿಡ್ಡು ಮೆತ್ತಿ ಬೂದು ಬಣ್ಣಕ್ಕೆ ತಿರುಗಿದ ಕೂದಲಿನ ಸಿಂಬೆ. ಇಲಿಯ ಹೆಣದಷ್ಟು ದಪ್ಪ, ತುದಿಯಿಂದ ಕಪ್ಪು ಲೋಳೆ ಹನಿಯುತ್ತಿತ್ತು. ಅದನ್ನು ಅವರು ನನ್ನ ಮುಖದ ಹತ್ತಿರವೇ ಹಿಡಿದು, "ನೋಡಿ ಮೇಷ್ಟ್ರೇ, ಇದರ ಜೊತೆ ಸ್ನಾನ ಮಾಡೋಕೆ ಹೊರಟಿದ್ರಿ" ಎಂದರು. ನಾನು ಮೇಷ್ಟ್ರೆಂದು ಅವರಿಗೆ ಯಾರು ಹೇಳಿದರೋ ತಿಳಿಯದು, ನನ್ನ ಪುಸ್ತಕದ ಗಂಟುಗಳು ಹೇಳಿರಬೇಕು. ನಾನು ಬಾಯಿ ಮುಚ್ಚಿಕೊಂಡು ಕಿಟಕಿಗೆ ಓಡಿದೆ.

ಹಿಂದಿನಿಂದ ಮೆಚ್ಚುಗೆಯ ದನಿ ಕೇಳಿಸಿತು. "ಒಳ್ಳೇದು. ನಿಮಗೆ ಅಸಹ್ಯ ಆಗುತ್ತೆ. ಅಸಹ್ಯ ಆಗದೇ ಇರೋರನ್ನ ನಾನು ನಂಬೋದಿಲ್ಲ."

ನಮ್ಮ ಸ್ನೇಹ ಶುರುವಾದದ್ದು ಹೀಗೆ. ಮೆಟ್ಟಿಲಿನಲ್ಲಿ ಆಡುವ ಮಕ್ಕಳು ಅವರಿಗೆ ಛೀಯಮ್ಮ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. "ಇಟ್ಟುಕೊಳ್ಳಲಿ, ಮೂಗು ಒರೆಸಿಕೊಳ್ಳದೇ ಇರೋ ಮಕ್ಕಳಿಗೆ ಬೇರೇನು ನೆನಪಾಗುತ್ತೆ" ಎಂದು ಬಿಟ್ಟುಬಿಟ್ಟರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಆತನ ವಿಷಯವಾಗಿ ಅವರು ನನ್ನೆದುರು ಆಡಿದ್ದು ಒಂದೇ ಮಾತು: "ಒಳ್ಳೇ ಮನುಷ್ಯ. ಕಾಲುಚೀಲ ಒಂದು ಬಿಟ್ಟರೆ."

ಛೀಯಮ್ಮನವರು ದೊಡ್ಡದೊಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಆಯುಷ್ಯವನ್ನು ಸವೆಸಿದವರು. ನೆಲಮಾಳಿಗೆಯಲ್ಲಿ ಅಕ್ಕಪಕ್ಕ ಎರಡು ಕೋಣೆಗಳು. ಒಂದಕ್ಕೆ ಕೊಳೆ ಕೋಣೆ, ಇನ್ನೊಂದಕ್ಕೆ ಶುಚಿ ಕೋಣೆ ಎಂದು ಹೆಸರು. ನಡುವಿನ ಗೋಡೆಯಲ್ಲಿ ಒಗೆಯುವ ಯಂತ್ರಗಳನ್ನು ಕೂರಿಸಿದ್ದರು. ಕೊಳೆಯ ಕಡೆಯಿಂದ ಹಾಕಿದ ಬಟ್ಟೆ ಶುಚಿಯ ಕಡೆಯಿಂದ ಹೊರಗೆ ಬರಬೇಕು, ಹಿಂದಕ್ಕೆ ಬರುವಂತಿಲ್ಲ. ಛೀಯಮ್ಮನವರ ಕೆಲಸ ಕೊಳೆ ಕೋಣೆಯಲ್ಲಿ. ವಾರ್ಡುಗಳಿಂದ ಬಂದ ಗಂಟುಗಳನ್ನು ಬಿಚ್ಚಿ, ಕೊಡವಿ, ಬೇರೆಬೇರೆ ಮಾಡುವುದು. ರಕ್ತ ಒಣಗಿ ಹಲಗೆಯಂತಾದ ಹೊದಿಕೆ, ಕೀವಿನ ಬಟ್ಟೆ, ಮಲ ಮೆತ್ತಿಕೊಂಡ ಹಾಸುಬಟ್ಟೆ, ಅದರ ಮಡಿಕೆಯೊಳಗೆ ಯಾರದೋ ಹಲ್ಲಿನ ಸೆಟ್ಟು, ಯಾರೋ ಅರ್ಧ ಕಚ್ಚಿಟ್ಟ ಹಣ್ಣು, ಕೆಲವೊಮ್ಮೆ ಮರೆತುಹೋದ ಸೂಜಿ.

"ಇಷ್ಟು ವರ್ಷ ಮಾಡಿದ ಮೇಲೆ ರೂಢಿ ಆಗಿರಬೇಕಲ್ಲ?" ಎಂದು ನಾನೊಮ್ಮೆ ಕೇಳಿದ್ದುಂಟು.

ಅವರು ನನ್ನನ್ನು ದುರುಗುಟ್ಟಿ ನೋಡಿದರು. "ರೂಢಿ ಆಗಬಾರದು ಮೇಷ್ಟ್ರೇ. ರೂಢಿ ಆದೋರು ಗಂಟಿಗೆ ಸುಮ್ಮನೆ ಕೈ ಹಾಕ್ತಾರೆ, ಸೂಜಿ ಚುಚ್ಚಿಸಿಕೊಳ್ತಾರೆ. ನನಗೆ ಕೊನೇ ದಿನದ ತನಕ ವಾಕರಿಕೆ ಬರ್ತಿತ್ತು. ಅದಕ್ಕೇ ನನ್ನ ಕೈ ಉಳಿದಿದೆ."

ಆ ಕೊಳೆ ಕೋಣೆಯ ನೆತ್ತಿಯಲ್ಲಿ ಒಳಗಿನ ಗಾಳಿಯನ್ನು ಎಳೆದು ಹೊರಕ್ಕೆ ಹಾಕುವ ದೊಡ್ಡ ಫ್ಯಾನು ಇತ್ತಂತೆ. ಅದರ ಎಳೆತಕ್ಕೆ ಬಾಗಿಲಿನ ಪ್ಲಾಸ್ಟಿಕ್ ಪರದೆ ಯಾವಾಗಲೂ ಒಳಮುಖವಾಗಿ ಉಬ್ಬಿಕೊಂಡಿರುತ್ತಿತ್ತಂತೆ. ಅಲ್ಲಿನ ನಾತ ಹೊರಗಿನ ಕಾರಿಡಾರಿಗೆ ಸುಳಿಯದಂತೆ ಕಾಯುತ್ತಿದ್ದದ್ದು ಅದೇ. "ನಾನು ಜೀವ ಉಳಿಸಿಕೊಂಡಿದ್ದು ಆ ಫ್ಯಾನಿಂದ" ಎಂದು ಅವರು ದೊಡ್ಡ ಉಪಕಾರಿಯನ್ನು ನೆನೆಯುವಂತೆ ನೆನೆಯುತ್ತಿದ್ದರು.

ಅವರಿಗೊಬ್ಬ ಅಕ್ಕ. ತಾಯಿ ಬೇಗ ಹೋದದ್ದರಿಂದ ಆ ಅಕ್ಕನೇ ದರ್ಜಿಯ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ತಂಗಿಯನ್ನು ಸಾಕಿದ್ದರು. ಆಕೆಗೆ ಗಂಟಲಿನ ಕಾಯಿಲೆ ಬಂದು, ದೊಡ್ಡ ಚಿಕಿತ್ಸೆಯಾಗಿ, ಕಾಯಿಲೆ ಹೋಯಿತು. ಆದರೆ ಹಸಿವನ್ನೂ ತನ್ನೊಡನೆ ಕೊಂಡೊಯ್ದಿತ್ತು. ಬಾಯಿಯ ಹತ್ತಿರ ತಂದದ್ದೆಲ್ಲ ಆಕೆಗೆ ಕೊಳೆತಂತೆ ನಾರುತ್ತಿತ್ತು. ಛೀಯಮ್ಮನವರು ಅಕ್ಕನನ್ನು ತಮ್ಮ ಮನೆಗೆ ಕರೆತಂದರು. ಮೆಟ್ಟಿಲು ಹತ್ತಿಸುವಾಗ ನಾನೂ ಒಂದು ತೋಳು ಹಿಡಿದಿದ್ದೆ. ಅಂಗಿಯ ತೋಳಿನೊಳಗೆ ಕೈ ಇದೆಯೋ ಇಲ್ಲವೋ ಎನ್ನುವಂತಿತ್ತು.

ವೈದ್ಯರು ಖಂಡಿತವಾಗಿ ಹೇಳಿದ್ದರು. ಮುಂದಿನ ಸಲ ಬರುವಾಗ ತೂಕ ಇನ್ನೂ ಇಳಿದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವ ಮಾತಿಲ್ಲ. ದಾಖಲು ಮಾಡಿಕೊಂಡು, ಮೂಗಿನಿಂದ ನಳಿಗೆ ಇಳಿಸಿ ಆಹಾರ ಕೊಡುವುದು.

"ನಳಿಗೆ ಹಾಕಿಸಿಕೊಂಡೋರ ಹಾಸಿಗೆ ಬಟ್ಟೆ ನನ್ನ ಕೈಯಲ್ಲೇ ಹಾದುಹೋಗಿದೆ ಮೇಷ್ಟ್ರೇ" ಎಂದರು ಛೀಯಮ್ಮ. "ನನ್ನ ಅಕ್ಕನ ಬಟ್ಟೆ ಆ ಗಂಟಿನಲ್ಲಿ ಬರಬಾರದು. ಅವಳು ಉಣ್ಣಬೇಕು. ಉಣ್ಣಬೇಕಾದ್ರೆ ಆ ರೂಮಿನಲ್ಲಿ ಒಂದು ಚೂರು ನಾತ ಇರಬಾರದು."

ನಾತ ಇತ್ತು. ಅದರ ಮೂಲ ಕೆಳಗಿನ ಮನೆಯ ಬಡಗಿ. ಹಳೆಯ ಕುರ್ಚಿ ಮೇಜುಗಳನ್ನು ಮನೆಯಲ್ಲೇ ರಿಪೇರಿ ಮಾಡುತ್ತಿದ್ದ ಆತ, ಹಳೆಯ ಕಾಲದವರಂತೆ ಸರೇಸನ್ನು ಕಾಯಿಸಿ ಬಳಿಯುತ್ತಿದ್ದ. ಸರೇಸು ಎಂದರೆ ಚರ್ಮ, ಎಲುಬುಗಳಿಂದ ಇಳಿಸಿದ ಅಂಟು. ಅದು ಒಲೆಯ ಮೇಲೆ ಕರಗುವಾಗಿನ ವಾಸನೆಯನ್ನು ನಾನು ಬಣ್ಣಿಸಲಾರೆ. ಊಟದ ಹೊತ್ತಿಗೆ ಬಂದರೆ ತಟ್ಟೆಯನ್ನು ಸರಿಸಿ ಏಳುವುದೊಂದೇ ದಾರಿ. ಅದು ಅವನ ಕಿಟಕಿಯಿಂದ ಹೊರಟು ಛೀಯಮ್ಮನವರ ಕಿಟಕಿಗೆ ಏರುತ್ತಿತ್ತು.

ಆಗ ಅವರು ಮನೆಗೆ ಗಾಳಿಯ ಯಂತ್ರವನ್ನು ಹಾಕಿಸಿದರು. ಅಡುಗೆಮನೆಯ ಅಟ್ಟದ ಮೇಲೆ ಒಂದು ಬಿಳಿಯ ಪೆಟ್ಟಿಗೆ, ಅದರೊಳಗೆ ಎರಡು ಫ್ಯಾನು. ಒಂದು ಹೊರಗಿನ ಗಾಳಿಯನ್ನು ಸೋಸಿ ಒಳಕ್ಕೆ ಬಿಡುತ್ತದೆ, ಇನ್ನೊಂದು ಒಳಗಿನ ಹಳಸಿದ ಗಾಳಿಯನ್ನು ಎಳೆದು ಹೊರಕ್ಕೆ ಹಾಕುತ್ತದೆ. ಸೂರಿನ ಕೆಳಗೆ ಕೊಳವೆಗಳು ಹಾದು, ಕೋಣೆಕೋಣೆಯಲ್ಲೂ ತಟ್ಟೆಯಂಥ ಬಾಯಿ.

ಕೂರಿಸಲು ಬಂದ ಮೆಕ್ಯಾನಿಕ್ಕಿಗೂ ಇವರಿಗೂ ಅಂದೇ ಜಟಾಪಟಿ.

"ಮಲಗೋ ರೂಮಿಗೆ ಗಾಳಿ ಬಿಡ್ತೀವಿ ಅಮ್ಮಾ. ಎಳೆಯೋದು ಅಡುಗೆಮನೆಯಿಂದ, ಬಚ್ಚಲಿಂದ."

"ಎಳೆಯೋ ಬಾಯಿ ನಮ್ಮಕ್ಕನ ತಲೆ ಮೇಲೆ ಇರಲಿ. ನಾತ ಬಂದ ತಕ್ಷಣ ಎಳಕೊಂಡು ಹೋಗಬೇಕು. ಬಿಡೋ ಬಾಯಿ ಮುಂದಿನ ಹಾಲಿನಲ್ಲಿ ಇರಲಿ."

"ಯಾರೂ ಹಾಗೆ ಹಾಕಿಸೋದಿಲ್ಲ."

"ನಾನು ಹಾಕಿಸ್ತೀನಿ. ಆಸ್ಪತ್ರೆಯಲ್ಲಿ ಇಂಥ ಫ್ಯಾನಿನ ಕೆಳಗೆ ಜೀವಮಾನ ಕಳೆದಿದೀನಿ. ನನಗೇ ಪಾಠ ಹೇಳ್ತೀಯಾ?"

ಮೆಕ್ಯಾನಿಕ್ ಸೋತು, ಹೇಳಿದಂತೆ ಹಾಕಿದ. ಹೊರಡುವಾಗ ಕಿಟಕಿಯ ಮಾತು ಬಂತು. "ತೆಗೀಬಹುದು, ಮುಚ್ಚಬಹುದು" ಎಂದ ಆತ. "ಯಂತ್ರಕ್ಕೇನು ಕಣ್ಣಿದೆಯಾ? ಕಿಟಕಿ ತೆಗೆದಿದೆ ಅಂತ ಅದಕ್ಕೆ ಗೊತ್ತಾಗೋದಿಲ್ಲ. ಅದರ ಪಾಡಿಗೆ ಅದು ತಿರುಗ್ತಾ, ಸುಲಭವಾಗಿ ಯಾವ ಕಡೆಯಿಂದ ಗಾಳಿ ಸಿಗುತ್ತೋ ಆ ಕಡೆಯಿಂದ ಎಳೆಯುತ್ತೆ. ಆದರೆ ಕಿಟಕಿ ತೆಗೆದೇ ಇಟ್ಟರೆ ಬೀದಿ ಧೂಳು ಒಳಗೆ ಬರುತ್ತೆ. ಆಮೇಲೆ ಸೋಸೋ ಜಾಲರಿ ಹಾಕಿಸಿ ಏನು ಬಂತು?"

ಛೀಯಮ್ಮನವರಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಆತ ಮೆಟ್ಟಿಲಿಳಿಯುವ ಮೊದಲೇ ಮನೆಯ ಎಲ್ಲ ಕಿಟಕಿಗಳನ್ನೂ ಮುಚ್ಚಿದರು. ಅಕ್ಕನ ಕೋಣೆಯದಕ್ಕಂತೂ ಸುತ್ತಲೂ ಅಗಲವಾದ ಟೇಪನ್ನು ಅಂಟಿಸಿದರು. ಅಷ್ಟಕ್ಕೆ ನಿಲ್ಲಲಿಲ್ಲ. ಹಾಲಿನ ಬಾಯಿಯಿಂದ ಬರುತ್ತಿದ್ದ ಹೊಸ ಗಾಳಿಯಲ್ಲಿ ಅವರ ಮೂಗಿಗೆ ಬೀದಿಯ ಹೊಗೆ ಸಿಕ್ಕಿತು, ಯಾರದೋ ಮನೆಯ ಕರಿದೆಣ್ಣೆ ಸಿಕ್ಕಿತು. "ಊರವರ ಉಸಿರು ನನಗೆ ಯಾಕೆ? ಛೀ" ಎಂದು ಒಂದು ಹಳೆಯ ಟವಲನ್ನು ಸುರುಳಿ ಮಾಡಿ ಆ ಬಾಯಿಗೆ ತುರುಕಿದರು. ಈಗ ಯಂತ್ರ ಎಳೆಯುವುದನ್ನು ಮಾತ್ರ ಮಾಡುತ್ತಿತ್ತು. ಅವರಿಗೆ ಸಮಾಧಾನವಾಯಿತು.

ಅಕ್ಕನಿಗೆ ಆಗಲಿಲ್ಲ. ಮರುದಿನದಿಂದಲೇ ಆ ಕೋಣೆಯಲ್ಲಿ ಹೊಸದೊಂದು ನಾತ ಕಾಣಿಸಿಕೊಂಡಿತು. ಚರಂಡಿ, ತೇವ ಹಿಡಿದ ಸುಣ್ಣ, ಹಕ್ಕಿಯ ಹಿಕ್ಕೆ, ಯಾರೋ ಉಪಯೋಗಿಸಿ ಬಂದ ಕಕ್ಕಸು, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿದಂತೆ. ಗಂಜಿಯ ಬಟ್ಟಲನ್ನು ಹತ್ತಿರ ತಂದರೆ ಅಕ್ಕ ಮುಖ ತಿರುಗಿಸುತ್ತಿದ್ದರು. ಬಲವಂತ ಮಾಡಿದರೆ ಎರಡು ಚಮಚ ಇಳಿಯುತ್ತಿತ್ತು, ನಾಲ್ಕು ಚಮಚವಾಗಿ ಹೊರಗೆ ಬರುತ್ತಿತ್ತು.

ಛೀಯಮ್ಮನವರ ಮೂಗು ಅಸಾಧ್ಯವಾದ ಮೂಗು. ಸರೇಸಿಗೂ ಕಕ್ಕಸಿಗೂ ವ್ಯತ್ಯಾಸ ತಿಳಿಯದಂಥದ್ದಲ್ಲ. ಆದರೆ ಸಿಟ್ಟು ಮುಂದೆ ನಡೆದರೆ ಮೂಗು ಹಿಂದೆ ಹೋಗುತ್ತದೆ. "ಅವನೇ, ಆ ಬಡಗಿಯೇ" ಎಂದರು ನನಗೆ. "ಮೊದಲು ಬರೀ ಎಲುಬು ಬೇಯಿಸ್ತಿದ್ದ. ಈಗ ಅದರ ಜೊತೆ ಇನ್ನೇನೋ ಹೊಲಸು ಹಾಕ್ತಾನೆ." ಹೀಗೆಂದವರೇ ಬ್ಲೀಚಿನ ಬಾಟಲಿಯನ್ನು ಕೈಯಲ್ಲಿ ಹಿಡಿದು ಕೆಳಗಿಳಿದರು. ಏನಾಗುವುದೋ ಎಂದು ನಾನೂ ಹಿಂದೆಯೇ ಇಳಿದೆ.

"ಏನಪ್ಪಾ, ಹೆಣ ಬೇಯಿಸ್ತಾ ಇದೀಯಾ?"

ಬಡಗಿ ಬಾಗಿಲಲ್ಲಿ ಕುಳಿತು ಕುರ್ಚಿಯ ಕಾಲನ್ನು ಉಜ್ಜುತ್ತಿದ್ದ. ತಲೆಯೆತ್ತಿ, "ಅಮ್ಮಾ, ಒಲೆ ಹಚ್ಚೇ ಇಲ್ಲ. ಒಳಗೆ ಬಂದು ಮೂಸಿ ನೋಡಿ" ಎಂದ.

"ನಿಮ್ಮನೆ ಒಳಗೆ? ನಾನು? ಛೀ!"

"ಹಾಗಾದ್ರೆ ಇಲ್ಲಿಂದಲೇ ಮೂಸಿ. ನಿಮ್ಮ ಮೂಗು ಬೀದಿ ಕೊನೆ ತನಕ ಹೋಗಿ ಬರುತ್ತಂತಲ್ಲ."

ಒಳಗಿನಿಂದ ಅವನ ಹೆಂಡತಿ ನಕ್ಕ ಸದ್ದು ಕೇಳಿಸಿತು. ಛೀಯಮ್ಮನವರ ಕಿವಿ ಕೆಂಪಾಯಿತು. ಬಡಗಿ ಎದ್ದು ಹೋಗಿ ಸರೇಸಿನ ಪಾತ್ರೆಯನ್ನು ತಂದು ತೋರಿಸಿದ. ತಳದಲ್ಲಿ ಅಂಟು ಒಣಗಿ, ಬಿರುಕು ಬಿಟ್ಟು, ಮೇಲೆ ಧೂಳು ಕುಳಿತಿತ್ತು.

"ನಿಮ್ಮಕ್ಕನಿಗೆ ಹುಷಾರಿಲ್ಲ ಅಂತ ಮೇಷ್ಟ್ರು ಹೇಳಿದ್ರು. ಆವತ್ತಿಂದ ಬಾಟಲಿ ಅಂಟಲ್ಲೇ ಕೆಲಸ ಮಾಡ್ತಿದೀನಿ. ಅದು ಹಿಡಿಯೋದಿಲ್ಲ. ಮಾಡಿಕೊಟ್ಟ ಕುರ್ಚಿ ಕಾಲು ಮುರಿದುಕೊಂಡು ವಾಪಸ್ ಬರ್ತಿದೆ. ಬೈಸಿಕೊಳ್ತಾ ಇರೋನು ನಾನು."

"ಹಾಗಾದ್ರೆ ನಾತ ಎಲ್ಲಿಂದ ಬರ್ತಿದೆ, ನನ್ನ ಬಾಯಿಂದಲಾ?"

"ನಾನು ಹಾಗಂದ್ನಾ?" ಎಂದು ಬಡಗಿ ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ.

ಅವರು ನಂಬಲಿಲ್ಲ. ಆ ಪಾತ್ರೆ ಬೇರೆ, ಬೇಯಿಸುವ ಪಾತ್ರೆ ಬೇರೆ ಎಂದು ಹೇಳಿಕೊಂಡೇ ಮೆಟ್ಟಿಲು ಹತ್ತಿದರು. ಮನೆಗೆ ಹೋದವರೇ ಯಂತ್ರದ ಗುಂಡಿಯನ್ನು ಅತಿ ಜೋರಿಗೆ ತಿರುಗಿಸಿದರು. ನಾತ ಮತ್ತಷ್ಟು ಜೋರಾಯಿತು.

ವೈದ್ಯರ ಬಳಿ ಹೋಗುವ ಹಿಂದಿನ ದಿನ ಅಕ್ಕನನ್ನು ನೋಡಲು ಹೋದೆ. ಮುಂಬಾಗಿಲನ್ನು ಎಂದಿನಂತೆ ತಳ್ಳಿದ್ದೇ ತಡ, ಯಾರೋ ಒಳಗಿನಿಂದ ಕಿತ್ತುಕೊಂಡಂತೆ ಅದು ಕೈಯಿಂದ ಜಾರಿ ತೆರೆದುಕೊಂಡಿತು. ನನ್ನ ಬೆನ್ನ ಹಿಂದಿನ ಗಾಳಿಯೆಲ್ಲ ನನಗಿಂತ ಮೊದಲು ಒಳಗೆ ನುಗ್ಗಿತು. ಅಕ್ಕನ ಕೋಣೆಗೆ ಕಾಲಿಟ್ಟೊಡನೆ ಉಸಿರು ಬಿಗಿಹಿಡಿದೆ. ಬೆಳಗ್ಗೆ ಒಗೆದು ಹಾಸಿದ ಹಾಸುಬಟ್ಟೆ, ಕನ್ನಡಿಯಂತೆ ಒರೆಸಿದ ನೆಲ, ಒಂದು ಕೂದಲೂ ಇಲ್ಲದ ದಿಂಬು. ಅದರ ನಡುವೆ ಹಳ್ಳದಲ್ಲಿ ಸತ್ತುಬಿದ್ದ ಪ್ರಾಣಿಯಂಥ ನಾತ. ಅಷ್ಟು ಚೊಕ್ಕಟವಾದ ಕೋಣೆ ಅಷ್ಟು ಹೇಸಿಗೆ ಹುಟ್ಟಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಬನ್ನಿ ಮೇಷ್ಟ್ರೇ" ಎಂದರು ಅಕ್ಕ, ಮಲಗಿದ್ದಲ್ಲಿಂದಲೇ. "ನಮ್ಮ ಪುಟ್ಟಿ ನನ್ನನ್ನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಹಾಕಿದಾಳೆ. ನೋಡಿಕೊಂಡು ಹೋಗಿ."

ತಲೆ ನರೆತ ಛೀಯಮ್ಮನವರು ಅವರಿಗೆ ಇನ್ನೂ ಪುಟ್ಟಿಯೇ.

"ಅಕ್ಕ, ಇದೊಂದು ತುತ್ತು" ಎಂದು ಛೀಯಮ್ಮ ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಹಿಡಿದು ನಿಂತಿದ್ದರು.

"ಮೊದಲು ಕಿಟಕಿ ತೆಗಿ."

"ತೆಗೆದ್ರೆ ಅವನ ನಾತ ಒಳಗೆ ಬರುತ್ತೆ."

"ಈಗ ಬರ್ತಾ ಇರೋದು ಯಾರದು, ನಮ್ಮಪ್ಪಂದಾ?"

ಛೀಯಮ್ಮ ತುತ್ತನ್ನು ಇನ್ನಷ್ಟು ಹತ್ತಿರ ತಂದರು. ಅಕ್ಕ ತಂಗಿಯ ಮುಖ ನೋಡಿ, ಸೋತವರಂತೆ ಬಾಯಿ ತೆರೆದು ಆ ತುತ್ತನ್ನು ತೆಗೆದುಕೊಂಡರು. ಗಂಟಲವರೆಗೆ ಹೋಯಿತು, ಹಿಂತಿರುಗಿತು. ಛೀಯಮ್ಮ ಬರಿಗೈಯನ್ನೇ ಒಡ್ಡಿ ಹಿಡಿದರು. ಬಾಯೊರೆಸಿಕೊಂಡ ಮೇಲೆ ಅಕ್ಕ ಮೆಲ್ಲಗೆ, "ಪುಟ್ಟಿ, ನನ್ನ ಕಳಿಸಿಬಿಡು. ನಳಿಗೆ ಹಾಕಿದ್ರೆ ಹಾಕಲಿ. ಮೂಸಿಕೊಂಡು ಉಣ್ಣೋದು ತಪ್ಪುತ್ತೆ" ಎಂದರು.

ಛೀಯಮ್ಮ ಕೈ ತೊಳೆಯಲು ಕೋಣೆಗೆ ಸೇರಿದ ಬಚ್ಚಲಿಗೆ ಹೋದರು. ನಮ್ಮ ಕಟ್ಟಡದ ನಡುವೆ ತಳದಿಂದ ತಾರಸಿಯವರೆಗೆ ಬಾವಿಯಂಥ ಕಿರಿದಾದ ತೆರಪು ಇದೆ. ಎಲ್ಲರೂ ಅದನ್ನು ಡಕ್ಟ್ ಎನ್ನುತ್ತಾರೆ. ಎಲ್ಲ ಮನೆಗಳ ಕೊಳಾಯಿಗಳೂ ಅದರೊಳಗೆ ಇಳಿಯುತ್ತವೆ, ಎಲ್ಲ ಬಚ್ಚಲುಗಳ ಜಾಲರಿಯ ಕಿಂಡಿಯೂ ಅದಕ್ಕೇ ತೆರೆಯುತ್ತದೆ. ತಳದಲ್ಲಿ ಪಾರಿವಾಳಗಳ ಹಿಕ್ಕೆ ಮೊಣಕಾಲುದ್ದ. ಯಾವುದೋ ಕೊಳವೆ ಒಡೆದು ಅಲ್ಲಿ ಸದಾ ಒದ್ದೆ. ಆ ಕಿಂಡಿಯ ಜಾಲರಿಗೆ ಛೀಯಮ್ಮ ಅಂದು ಬೆಳಗ್ಗೆ ಒರೆಸುವ ಬಟ್ಟೆಯನ್ನು ಒಣಹಾಕಿದ್ದರು.

ನೀರು ಸುರಿಯುತ್ತಿದ್ದ ಸದ್ದು ನಿಂತಿತು. ಆಮೇಲೆ, "ಮೇಷ್ಟ್ರೇ, ಆ ಯಂತ್ರ ನಿಲ್ಲಿಸಿ" ಎಂಬ ಕೂಗು.

ನಾನು ಅಡುಗೆಮನೆಗೆ ಹೋಗಿ ನಿಲ್ಲಿಸಿದೆ.

"ಈಗ ಹಾಕಿ."

ಹಾಕಿದೆ.

"ಇಲ್ಲಿ ಬನ್ನಿ."

ಹೋಗಿ ನೋಡಿದರೆ ಅವರು ಬಚ್ಚಲಿನ ಒದ್ದೆ ನೆಲದ ಮೇಲೆ ಕುಳಿತುಬಿಟ್ಟಿದ್ದರು. ಕಿಂಡಿಯ ಮುಂದಿನ ಬಟ್ಟೆ ನಮ್ಮ ಕಡೆಗೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಅದರ ಅಂಚಿನಿಂದ ಡಕ್ಟಿನ ಗಾಳಿ ಸುಯ್ಯೆಂದು ಒಳಗೆ ನುಗ್ಗುತ್ತಿತ್ತು. ಯಾವುದೋ ಜಿರಲೆಯ ಒಣ ರೆಕ್ಕೆಯೊಂದು ಆ ಗಾಳಿಯಲ್ಲಿ ತೇಲಿ ಬಂದು ಅವರ ಮಡಿಲಲ್ಲಿ ಬಿತ್ತು. ಅವರು ಅದನ್ನು ಕೊಡವಿಕೊಳ್ಳಲಿಲ್ಲ.

"ನಿಲ್ಲಿಸಿದಾಗ ಜೋತುಬಿತ್ತು, ಹಾಕಿದಾಗ ಉಬ್ಬಿತು" ಎಂದರು. "ನಮ್ಮ ಕೊಳೆ ಕೋಣೆ ಪರದೆ ಹೀಗೇ ಉಬ್ಬುತ್ತಿತ್ತು ಮೇಷ್ಟ್ರೇ. ಹೊರಗಿನ ಗಾಳಿನ ಒಳಗೆ ಎಳಕೊಂಡು, ನಮ್ಮ ತಲೆ ಮೇಲಿಂದ ಆಚೆ ಹಾಕೋದು. ಎಳೆಯೋ ಫ್ಯಾನು ಇದ್ದದ್ದು ಕೊಳೆ ಕೋಣೇಲಿ. ಶುಚಿ ಕೋಣೇಲಿ ಅಲ್ಲ. ಆ ಕೋಣೆಗೆ ಗಾಳಿ ಬಿಡ್ತಿದ್ರು, ಎಳೀತಿರಲಿಲ್ಲ. ನಾನು ಆ ಕಡೆ ಕೆಲಸ ಮಾಡಿದವಳೇ ಅಲ್ಲವಲ್ಲ, ತಲೆಗೆ ಹೊಳೀಲೇ ಇಲ್ಲ."

ನನಗೆ ಪೂರ್ತಿ ಅರ್ಥವಾಗಲಿಲ್ಲವೆಂದು ಮುಖ ನೋಡಿಯೇ ತಿಳಿದುಕೊಂಡರು.

"ಕಿಟಕಿ ಮುಚ್ಚಿದೆ, ಹಾಲಿನ ಬಾಯಿಗೆ ಟವಲು ತುರುಕಿದೆ. ಅದು ಗಾಳಿ ಎಲ್ಲಿಂದ ತರಬೇಕು? ಇಲ್ಲಿಂದ ತಂದಿದೆ. ಇಡೀ ಕಟ್ಟಡದ ಕಕ್ಕಸಿನ ಉಸಿರನ್ನ ಎಳೆದು ತಂದು ಅಕ್ಕನ ಮುಖದ ಮೇಲೆ ಹಾಯಿಸಿದೀನಿ. ಅಕ್ಕನ್ನ ನಾನು ಕೊಳೆ ಗಂಟಿನ ಜೊತೆ ಹಾಕಿಬಿಟ್ಟೆ."

ಅವರು ಆಗ ತಮ್ಮ ಎರಡು ಕೈಗಳನ್ನು ನೋಡಿಕೊಂಡ ರೀತಿಯನ್ನು ನಾನು ಮರೆತಿಲ್ಲ. ಎಷ್ಟೆಷ್ಟೋ ಹೊಲಸನ್ನು ಕಂಡು ಮುಖ ಸಿಂಡರಿಸಿದ ಹೆಂಗಸು. ಅಷ್ಟೊಂದು ಅಸಹ್ಯದಿಂದ ಅವರು ಬೇರಾವುದನ್ನೂ ನೋಡಿದ್ದನ್ನು ನಾನು ಕಾಣೆ.

ಮರುಕ್ಷಣವೇ ಎದ್ದರು. ಅಡುಗೆಮನೆಯಿಂದ ಚಾಕು ತಂದು ಕಿಟಕಿಯ ಸುತ್ತ ಟೇಪನ್ನು ಸೀಳಿದರು. ಅಂಟು ಹಿಡಿದು ಬಾಗಿಲು ಬಿಡದೆ ಹೋದಾಗ ಹೆಗಲು ಕೊಟ್ಟು ನೂಕಿದರು. ಕಿಟಕಿ ತೆರೆದುಕೊಂಡಿತು. ಯಂತ್ರ ಮೊದಲಿನಂತೆಯೇ ಗುಂಯ್ಗುಡುತ್ತಿತ್ತು, ಅದಕ್ಕೆ ಯಾವ ವ್ಯತ್ಯಾಸವೂ ತಿಳಿದಂತಿರಲಿಲ್ಲ. ಆದರೆ ಬಚ್ಚಲಿನ ಬಟ್ಟೆ ನೋಡನೋಡುತ್ತಿದ್ದಂತೆ ಸೊರಗಿ ಜಾಲರಿಗೆ ಅಂಟಿಕೊಂಡು ನೇತಾಡಿತು. ಕಿಟಕಿಯೇ ಹತ್ತಿರದ ದಾರಿಯಾದ ಮೇಲೆ ಫ್ಯಾನಿಗೆ ಡಕ್ಟಿನ ಗೊಡವೆ ಬೇಕಿರಲಿಲ್ಲ.

ಹಾಲಿಗೆ ಹೋಗಿ ಅಲ್ಲಿನ ಬಾಯಿಯ ಟವಲನ್ನೂ ಕಿತ್ತರು. ಹಿಂಬದಿಯಲ್ಲಿ ಬೀದಿಯ ಮಸಿ ಹಪ್ಪಳದಂತೆ ಕಟ್ಟಿಕೊಂಡಿತ್ತು, ಅದರಲ್ಲಿ ಸತ್ತ ನೊರಜುಗಳು. ಎಂದಿನ "ಛೀ" ಕೂಡ ಬಾಯಿಂದ ಬರಲಿಲ್ಲ.

ನಾತ ಒಮ್ಮೆಲೇ ಹೋಗಲಿಲ್ಲ. ಪರದೆಯಲ್ಲಿ, ಹಾಸಿಗೆಯಲ್ಲಿ, ಅಕ್ಕನ ಕೂದಲಿನಲ್ಲಿ ಸೇರಿಕೊಂಡಿತ್ತು. ಮಧ್ಯಾಹ್ನವಿಡೀ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸಿದ ಮೇಲೆ, ಸಂಜೆಯ ಹೊತ್ತಿಗೆ ಅಕ್ಕ ಬ್ರೆಡ್ಡಿನ ಬಟ್ಟಲಿನ ಕಡೆ ಕಣ್ಣು ಹಾಯಿಸಿದರು. ಒಂದು ತುತ್ತು ಇಳಿಯಿತು. ಇನ್ನೊಂದು ಇಳಿಯಿತು. ನಾನೂ ಛೀಯಮ್ಮನವರೂ ಉಸಿರಾಡದೆ ನಿಂತಿದ್ದೆವು.

"ಬೀದಿಯಿಂದಲೂ ನಾತ ಬರುತ್ತೆ ಕಣೇ" ಎಂದರು ಅಕ್ಕ, ಬಾಯಲ್ಲಿ ತುತ್ತಿಟ್ಟುಕೊಂಡೇ. "ಆದರೆ ಬರುತ್ತೆ, ಹೋಗುತ್ತೆ. ನನ್ನ ಮೇಲೆ ಕೂತುಕೊಳ್ಳೋದಿಲ್ಲ."

ಆ ತುತ್ತುಗಳು ಹಿಂತಿರುಗಲಿಲ್ಲ.

ಮರುದಿನ ತಕ್ಕಡಿಯೇನೂ ಕರುಣೆ ತೋರಲಿಲ್ಲ, ತೂಕ ಇಳಿದೇ ಇತ್ತು. ಆದರೆ ಛೀಯಮ್ಮನವರು ವೈದ್ಯರ ಮೇಜಿನ ಮುಂದಿನಿಂದ ಅಲುಗಾಡಲಿಲ್ಲವಂತೆ. ನಡೆದದ್ದನ್ನೆಲ್ಲ, ಡಕ್ಟಿನ ಹಿಕ್ಕೆ ಸಮೇತ, ಬಿಡಿಸಿ ಬಿಡಿಸಿ ಹೇಳಿದರಂತೆ. ವೈದ್ಯರು ಮೂಗಿಗೆ ಕರವಸ್ತ್ರ ಹಿಡಿದು, "ಸಾಕು ಸಾಕು, ನಿನ್ನೆ ಸಂಜೆಯದು ಹೊಟ್ಟೆಯಲ್ಲಿ ನಿಂತಿದೆ ಅಂದ್ರಲ್ಲ, ಇನ್ನೊಂದು ಸಲ ನೋಡೋಣ" ಎಂದು ಕಳಿಸಿದರಂತೆ. ಆ ಇನ್ನೊಂದು ಸಲಕ್ಕೆ ತೂಕ ನಿಂತಿತ್ತು. ಅದರ ಮುಂದಿನ ಸಲಕ್ಕೆ ಮುಳ್ಳು ತುಸು ಮೇಲೇರಿತ್ತು. ನಳಿಗೆಯ ಮಾತು ಮತ್ತೆ ಬರಲಿಲ್ಲ.

ಮೆಕ್ಯಾನಿಕ್ ಬಂದು ಕೊಳವೆಗಳನ್ನು ಅದಲುಬದಲು ಮಾಡಿದ. ಈಗ ಅಕ್ಕನ ಕೋಣೆಗೆ ಗಾಳಿ ಬಿಡುವ ಬಾಯಿ, ಎಳೆಯುವುದು ಅಡುಗೆಮನೆಯಿಂದ. ಕಿಟಕಿ ಮುಚ್ಚಿದ್ದರೂ ಈಗ ಕೋಣೆಯ ಗಾಳಿಯೇ ಬಚ್ಚಲಿನ ಕಡೆ ಹೋಗುತ್ತದೆಯೇ ಹೊರತು ಅಲ್ಲಿಯದು ಇತ್ತ ಬರುವುದಿಲ್ಲ. "ನಾನು ಮೊದಲೇ ಹೇಳಿರಲಿಲ್ವಾ ಅಮ್ಮಾ?" ಎಂದು ಆತ ಸೇಡು ತೀರಿಸಿಕೊಳ್ಳಲು ನೋಡಿದ. "ನೀನು ಹೇಳಿದ್ದೆ. ನಾನು ಹೂಂ ಅನ್ನೋ ತನಕ ಹೇಳಬೇಕಿತ್ತು" ಎಂದು ಅವನ ಬೂಟಿನ ಕೆಸರನ್ನು ತೋರಿಸಿ ನೆಲ ಒರೆಸಿಸಿದರು.

ಬಡಗಿಯ ಬಳಿಗೂ ಹೋದರು. ಕ್ಷಮಿಸು ಎಂಬ ಮಾತು ಅವರ ಬಾಯಿಗೆ ಬರುವಂಥದ್ದಲ್ಲ. ಬಾಗಿಲಲ್ಲಿ ನಿಂತು, "ಆ ನಾತ ನಿನ್ನದಲ್ಲ" ಎಂದರು. ಅವನು ತಲೆಯೆತ್ತಿದ. "ಸರೇಸು ಕಾಯಿಸಿಕೋ. ಕಾಯಿಸೋವಾಗ ಒಂದು ಕೂಗು ಹಾಕು, ಆ ಹೊತ್ತಿಗೆ ಮಾತ್ರ ಕಿಟಕಿ ಮುಚ್ಚಿಕೊಳ್ತೀನಿ." ಇಷ್ಟಕ್ಕೆ ಮುಗಿಸಿದ್ದರೆ ಚೆನ್ನಾಗಿತ್ತು. "ಆದರೆ ನಿನ್ನ ಪಾತ್ರೆ ಹೇಸಿಗೆ. ಕೊಡು, ತೊಳೆದು ತರ್ತೀನಿ" ಎಂದು ಕೈ ಚಾಚಿದರು. ಬಡಗಿ ಪಾತ್ರೆಯನ್ನು ಎದೆಗೆ ಅವಚಿಕೊಂಡು ಒಳಗೆ ಓಡಿದ. ತಳದಲ್ಲಿ ಇನ್ನೂ ಒಂದು ಕುರ್ಚಿಗಾಗುವಷ್ಟು ಸರೇಸಿತ್ತು.

ಈಗೀಗ ಅಕ್ಕ ಕೋಲು ಹಿಡಿದು ಮೆಟ್ಟಿಲಿನವರೆಗೆ ಬರುತ್ತಾರೆ, ಬಂದು ಮಕ್ಕಳಿಗೆ ತಂಗಿಯ ಬಾಲ್ಯದ ಗುಟ್ಟುಗಳನ್ನು ಹೇಳುತ್ತಾರೆ. ಯಂತ್ರವೂ ಛೀಯಮ್ಮನವರೂ ದಿನಾ ಜಗಳವಾಡಿಕೊಂಡು ಸುಖವಾಗಿದ್ದಾರೆ. ಗಾಳಿಯಲ್ಲಿ ತೇವ ಕಂಡರೆ ತಾನಾಗಿಯೇ ಜೋರಾಗುವುದು ಅದರ ಗುಣ. ಮಳೆಯ ದಿನ ಕಿಟಕಿ ತೆರೆದಿದ್ದರೆ, ಮನೆಯಲ್ಲಿ ಯಾರೋ ಸ್ನಾನಕ್ಕಿಳಿದರೆಂದು ತಿಳಿದು ಅದು ಅಬ್ಬರಿಸತೊಡಗುತ್ತದೆ. "ಯಾರೂ ಸ್ನಾನ ಮಾಡ್ತಿಲ್ಲ ಕಣೋ ಮಂಕೇ, ಹೊರಗೆ ಮಳೆ!" ಎಂದು ಇವರು ಕೂಗುವುದು ನನ್ನ ಮನೆಗೆ ಕೇಳಿಸುತ್ತದೆ.

ಅಕ್ಕನ ನಾಲಿಗೆಗೆ ರುಚಿ ಮರಳಿದಾಗ ಆಕೆ ಬಯಸಿದ್ದು ಒಣಮೀನು. ಕರಿದದ್ದೇ ಆಗಬೇಕು. ಲೋಕದ ವಾಸನೆಗಳಲ್ಲೆಲ್ಲ ಛೀಯಮ್ಮನವರು ಅತ್ಯಂತ ದ್ವೇಷಿಸುವುದು ಅದನ್ನು. ಆದರೂ ವಾರಕ್ಕೊಮ್ಮೆ ಅವರೇ ಪೇಟೆಗೆ ಹೋಗಿ, ಕಾಗದದ ಪೊಟ್ಟಣವನ್ನು ಮೈಯಿಂದ ದೂರ ಹಿಡಿದುಕೊಂಡು ಬರುತ್ತಾರೆ. ಅಡುಗೆಮನೆಯ ಬಾಗಿಲನ್ನು ಮುಚ್ಚುತ್ತಾರೆ, ಅಲ್ಲಿನ ಕಿಟಕಿಯನ್ನು ಬೆರಳಗಲ ತೆಗೆಯುತ್ತಾರೆ. ಆಗ ಫ್ಯಾನು ತನಗೆ ಬೇಕಾದ ಗಾಳಿಯನ್ನು ಆ ಸಂದಿನಿಂದಲೇ ಎಳೆದುಕೊಂಡು ಹೊಗೆಯನ್ನೆಲ್ಲ ಹೊರಗೆ ಹಾಕುತ್ತದೆ, ಉಳಿದ ಕೋಣೆಗಳ ತಂಟೆಗೆ ಹೋಗುವುದಿಲ್ಲ.

ಇಂದೂ ಆ ದಿನವೇ. ಇದನ್ನು ಬರೆಯುತ್ತಿರುವಾಗಲೇ ಎದುರು ಮನೆಯಲ್ಲಿ ಎಣ್ಣೆ ಚಿರುಗುಟ್ಟುವ ಸದ್ದು ಕೇಳುತ್ತಿದೆ. ನಡುನಡುವೆ ಯಾರೋ ವಾಕರಿಸುವ ಸದ್ದು, ಆಮೇಲೆ ಒಂದು "ಛೀ". ಒಳಗಿನಿಂದ ಅಕ್ಕ, "ಇನ್ನೊಂದು ತುಂಡು ಹಾಕೇ ಪುಟ್ಟಿ, ಸ್ವಲ್ಪ ಕೆಂಪಗಾಗಲಿ" ಎನ್ನುತ್ತಿದ್ದಾರೆ. ಛೀಯಮ್ಮನವರು ಹಾಕುತ್ತಿದ್ದಾರೆ.